ಹನುಮಂತಮ್ಮನ ಹನ್ನೆರಡನೇ ಪರೀಕ್ಷೆ

ಸಂಶೋಧನಾ ಮೌಲ್ಯಮಾಪನ ಸಮಿತಿಯ ಮಾನ್ಯ ಅಧ್ಯಕ್ಷರೇ,

ನಾಟಿ ಹಚ್ಚುವ ನಮ್ಮ ಹೆಣ್ಣುಮಕ್ಕಳ ಮಿದುಳಿನ ಬಗ್ಗೆ ಡಾ. ಮಹೇಶ್ವರಿಯವರು ಹನ್ನೊಂದು ವರ್ಷದಿಂದ ನಡೆಸುತ್ತಿರುವ ಅಧ್ಯಯನವನ್ನು ಈ ತಿಂಗಳ ಕೊನೆಗೆ ಮುಚ್ಚಲು ತಾವು ಆದೇಶಿಸಿದ್ದೀರಿ. ಕಾರಣ, 'ವಿದ್ವತ್ ಪ್ರಭಾವ ಅತ್ಯಲ್ಪ'. ನಾನು ಗಂಗಾವತಿ ಬಸ್ ನಿಲ್ದಾಣದ ಸಂಚಾರ ನಿಯಂತ್ರಕ. ಇವನಿಗೇಕೆ ವಿಜ್ಞಾನಿಗಳ ಗೊಡವೆ ಎಂದು ಹುಬ್ಬೇರಿಸಬೇಡಿ. ಆ ಹೆಣ್ಣುಮಕ್ಕಳಲ್ಲಿ ಒಬ್ಬಳು ನನ್ನ ಅಕ್ಕ. ಆದೇಶದ ಸುದ್ದಿ ಕೇಳಿದಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ನಿನ್ನೆ ಕುಷ್ಟಗಿ ಬಸ್ಸನ್ನು ಯಲಬುರ್ಗಾ ಬಸ್ಸೆಂದು ಕೂಗಿ ಜನರಿಂದ ಬೈಸಿಕೊಂಡೆ.

ಪ್ರಭಾವ ಅಂದರೇನೆಂದು ಓದಿದವರನ್ನು ಕೇಳಿದೆ. ಒಬ್ಬರ ಪ್ರಬಂಧವನ್ನು ಬೇರೆ ವಿದ್ವಾಂಸರು ಎಷ್ಟು ಸಲ ಉಲ್ಲೇಖಿಸಿದರು ಎಂಬ ಎಣಿಕೆಯಂತೆ. ಡಾಕ್ಟರು ಹಿಂದೆ ಮಹಾನಗರದ ಪ್ರಯೋಗಾಲಯದಲ್ಲಿ ಇಲಿಗಳ ನೆನಪಿನ ಬಗ್ಗೆ ಬರೆದದ್ದಕ್ಕೆ ಒಂಬೈನೂರು ಉಲ್ಲೇಖ. ತವರು ಜಿಲ್ಲೆಗೆ ಬಂದು ನಮ್ಮ ಹೆಂಗಸರ ನೆನಪಿನ ಬಗ್ಗೆ ಬರೆದದ್ದಕ್ಕೆ ಹದಿನೇಳು. ಇಲಿಗಳ ಭಾಗ್ಯವೇ ಭಾಗ್ಯ! ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು ಎಂಬ ಗಾದೆಯನ್ನು ತಮ್ಮ ಸಮಿತಿ ನಿಯಮಾವಳಿಯಲ್ಲೇ ಸೇರಿಸಿಕೊಂಡಿದೆಯೇ?

ಅಕ್ಕ ಹನುಮಂತಮ್ಮ ಹದಿನಾಲ್ಕು ಹೆಂಗಸರ ನಾಟಿ ಗುಂಪಿನ ಮುಖಂಡಳು. ಹನ್ನೆರಡು ವರ್ಷದ ಹಿಂದೆ ಟ್ರ್ಯಾಕ್ಟರಿನಿಂದ ಬಿದ್ದು ತಲೆಗೆ ಪೆಟ್ಟಾಯಿತು. ದೂರದ ಊರಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಒಯ್ದೆವು. ಅಲ್ಲಿಯ ವೈದ್ಯರು ನೆನಪಿನ ಪರೀಕ್ಷೆ ಮಾಡಿದರು.

"ಇವತ್ತು ತಾರೀಖು ಎಷ್ಟು?"

"ಹುಣ್ಣಿವಿ ಆಗಿ ಮೂರನೇ ದಿನ ರೀ."

ಸರಿಯಾಗಿಯೇ ಹೇಳಿದ್ದಳು. ಹಾಕಿದ್ದು ಸೊನ್ನೆ. ಗಡಿಯಾರದ ಚಿತ್ರ ಬರೆಯಲು ಹೇಳಿದರು. ಪೆನ್ಸಿಲನ್ನೇ ಹಿಡಿಯದ ಕೈ, ಮತ್ತೊಂದು ಸೊನ್ನೆ. ಮರೆವಿನ ಕಾಯಿಲೆ ಎಂದು ಬರೆದುಕೊಟ್ಟರು. ನಾನೂ ನಂಬಿದೆ, ಅದು ನನ್ನ ತಪ್ಪು. ಗದ್ದೆಗೆ ಕಳಿಸಲಿಲ್ಲ, ಒಲೆ ಹಚ್ಚಲೂ ಬಿಡಲಿಲ್ಲ. "ನನಗ ಏನಾಗೇತಂತ ಹಿಂಗ ಕುಂದ್ರಿಸೀಯೋ ತಮ್ಮಾ?" ಎಂದು ದಿನಾ ಕೇಳುತ್ತಿದ್ದಳು.

ಏಳು ತಿಂಗಳ ಮೇಲೆ ಡಾ. ಮಹೇಶ್ವರಿ ಅಧ್ಯಯನಕ್ಕೆಂದು ನಮ್ಮಲ್ಲಿಗೆ ಬಂದರು. ಕಾಗದ, ಪೆನ್ಸಿಲು ಹೊರತೆಗೆಯಲಿಲ್ಲ. ಗದ್ದೆಯ ಬದುವಿಗೆ ಕರೆದೊಯ್ದು, "ನೀವು ಬೀಳೂಕಿಂತ ಮೊದಲಿನ ನಾಟಿಯಾಗ ಯಾರು ಎಲ್ಲಿ ನಿಂತಿದ್ರು, ಹೇಳ್ರಿ ಅಕ್ಕಾರ," ಎಂದರು. ನಾಟಿಯಲ್ಲಿ ಹೆಂಗಸರು ಸಾಲಾಗಿ ನಿಂತು ಹಿಂದಕ್ಕೆ ಸರಿಯುತ್ತಾರೆ. ನಿಧಾನದವಳ ಪಕ್ಕ ಚುರುಕಿನವಳನ್ನು ನಿಲ್ಲಿಸಿ ಸಾಲು ಕೆಡದಂತೆ ನೋಡುವುದೇ ಮುಖಂಡಳ ಕೆಲಸ. ಅಕ್ಕ ಹದಿನಾಲ್ಕೂ ಹೆಸರನ್ನು ಎಡದಿಂದ ಹೇಳಿದಳು, ಬಲದಿಂದ ಹೇಳಿದಳು, ಬಾನುಬೀ ಯಾವ ದಿನ ಯಾಕೆ ಬರಲಿಲ್ಲ ಎಂಬುದನ್ನೂ ಸೇರಿಸಿದಳು. ಗುಂಪಿನ ದುರಗಮ್ಮ ಪಕ್ಕದಲ್ಲಿ ಕೂತು ತಾಳೆ ನೋಡಿ, "ಎಲ್ಲಾ ಖರೇ ಐತ್ರಿ," ಎಂದಳು. "ಇವರನ್ನ ನಾಳಿಂದ ಕೆಲಸಕ್ಕ ಕಳಸ್ರಿ," ಎಂದರು ಡಾಕ್ಟರು. ನಾನು ಬದುವಿನ ಮೇಲೆಯೇ ಅತ್ತುಬಿಟ್ಟೆ ಸ್ವಾಮಿ.

ಇವತ್ತು ಕುಷ್ಟಗಿ, ಯಲಬುರ್ಗಾ ಕಡೆಯ ಆಶಾ ಕಾರ್ಯಕರ್ತೆಯರು ಈ ಪರೀಕ್ಷೆಯನ್ನೇ ಮಾಡುತ್ತಾರೆ. ಕುರಿ ಕಾಯುವವರನ್ನು ಕುರಿಗಳ ಗುರುತು ಕೇಳುತ್ತಾರೆ. ಅವರು ಯಾರೂ ಪ್ರಬಂಧ ಬರೆಯುವುದಿಲ್ಲ, ಹಾಗಾಗಿ ಅವರು ತಮ್ಮ ಎಣಿಕೆಗೆ ಸಿಗುವುದೂ ಇಲ್ಲ.

ಈಗ ನನ್ನ ಸಂಕಟ ಕೇಳಿ. ಅಕ್ಕನಿಗೆ ಡಾಕ್ಟರು ಪ್ರತಿ ವರ್ಷ ನಾಟಿ ಮುಗಿದ ಮೇಲೆ ಇದೇ ಪರೀಕ್ಷೆ ಮಾಡುತ್ತಾರೆ. ಹೋದ ವರ್ಷದ ಪರೀಕ್ಷೆಯಲ್ಲಿ ಅವಳು ಮೊದಲ ಬಾರಿಗೆ ಒಂದು ಹೆಸರು ಬಿಟ್ಟಳು. "ವಯಸ್ಸಿಂದೋ ಕಾಯಿಲೇದೋ ಈಗ ಹೇಳಾಕ ಬರಂಗಿಲ್ಲ. ಮುಂದಿನ ನಾಟಿ ಆದಮ್ಯಾಲ ನೋಡೂಣು," ಎಂದರು ಡಾಕ್ಟರು. ಅಕ್ಕನನ್ನು ಅವಳ ಹನ್ನೊಂದು ವರ್ಷಗಳ ಜೊತೆಗೇ ಹೋಲಿಸಬೇಕು, ಆ ವರ್ಷಗಳ ದಾಖಲೆ ಡಾಕ್ಟರ ಬಳಿ ಬಿಟ್ಟು ಲೋಕದಲ್ಲಿ ಬೇರೆಲ್ಲೂ ಇಲ್ಲ. ತಾವು ಮುಚ್ಚುತ್ತಿರುವುದು ಅದನ್ನು. ತಮ್ಮ ಸ್ವಂತ ಅಕ್ಕನಾಗಿದ್ದರೆ ಆ ಆದೇಶಕ್ಕೆ ಸಹಿ ಹಾಕುತ್ತಿದ್ದಿರಾ?

ಆದೇಶ ಹಿಂಪಡೆಯಿರಿ. ಕನಿಷ್ಠ ಹನ್ನೆರಡನೇ ವರ್ಷದ ಪರೀಕ್ಷೆಯನ್ನಾದರೂ ಮುಗಿಸಲು ಬಿಡಿ. ಅಕ್ಕ ಅದಕ್ಕಾಗಿ ಕಾಯುತ್ತಿದ್ದಾಳೆ. ಇವತ್ತು ಮುಂಜಾನೆ ಬಟ್ಟೆ ಒಗೆಯುತ್ತ ತನ್ನ ಸಾಲಿನ ಹೆಸರುಗಳನ್ನು ಹೇಳಿಕೊಳ್ಳುತ್ತಿದ್ದಳು. ಹನ್ನೆರಡನೇ ಹೆಸರಿಗೆ ನಿಂತು ನನ್ನ ಮುಖ ನೋಡಿದಳು. ಉಳಿದ ಎರಡು ಹೆಸರು ನನಗೆ ಗೊತ್ತಿತ್ತು. ಹೇಳಿಕೊಟ್ಟರೆ ಪರೀಕ್ಷೆ ಕೆಡುತ್ತದೆ ಎಂದು ಡಾಕ್ಟರು ತಾಕೀತು ಮಾಡಿದ್ದರಿಂದ ಸುಮ್ಮನಿದ್ದೆ. ಪರೀಕ್ಷೆಯೇ ಇಲ್ಲವೆಂದಾದರೆ ಬೇಗ ತಿಳಿಸಿ, ಆ ಎರಡು ಹೆಸರನ್ನಾದರೂ ಅವಳಿಗೆ ಹೇಳಿಬಿಡುತ್ತೇನೆ.

ಇಂತಿ,
ಎಲ್ಲಿಯೂ ಉಲ್ಲೇಖವಾಗದ,
ಅಕ್ಕನ ಮುಖ ನೋಡಲಾಗದ
ಶರಣಬಸಪ್ಪ
ಗಂಗಾವತಿ