ಪೂರ್ವದ ಗ್ಯಾಲರಿ

8–3–81, ಭಾನುವಾರ

ಮಂಡಿಗೆ ಎಣ್ಣೆ ತಿಕ್ಕಿಕೊಂಡು ಸಂಜೆ ಐದಕ್ಕೆ ಮೈದಾನಕ್ಕೆ. ಮಾರಯ್ಯ ಆಗಲೇ ಸುಣ್ಣದ ಗೆರೆ ಎಳೆದು ಮುಗಿಸಿದ್ದ. ಹದಿನೆಂಟು ವರ್ಷ ನಮ್ಮ ಕ್ಲಬ್ಬಿನ ಗೋಲ್‌ಕೀಪರ್, ಈಗ ಮೈದಾನ ನೋಡಿಕೊಳ್ಳುವವನು. ದಾರ ಕಟ್ಟದೆ ಎಳೆಯುತ್ತಾನೆ, ಒಂದಿಂಚು ಸೊಟ್ಟ ಬರುವುದಿಲ್ಲ. ಮೂವತ್ತೊಂದು ವರ್ಷ ಸರ್ಕಾರದಲ್ಲಿ ಓವರ್ಸಿಯರ್ ಆಗಿದ್ದ ನನಗೆ ಅದು ಬಾರದು.

ಲೀಗಿನವರ ಕಾಗದ ಬಂದಿದೆ. ಮೇಲಿನ ಡಿವಿಷನ್‌ಗೆ ಏರಿದ್ದೇವೆ. ಆದರೆ ಸ್ವಂತ ಮೈದಾನದಲ್ಲಿ ಆಡಬೇಕಾದರೆ ಸಾವಿರ ಜನ ಕೂರುವ ಗ್ಯಾಲರಿ ಬೇಕು, ಅಕ್ಟೋಬರ್ ಒಳಗೆ. ಇಲ್ಲದಿದ್ದರೆ ಎಲ್ಲ ಪಂದ್ಯವೂ ಬೇರೆಯವರ ಮೈದಾನದಲ್ಲಿ.

ಅಧ್ಯಕ್ಷರು ಬೈಲಪ್ಪನವರು ಕಾಗದ ಮಡಚಿ ಜೇಬಿಗಿಟ್ಟರು. “ಇಲ್ಲೇ ಕಟ್ಟಣ. ಜರಗನಹಳ್ಳಿ ಟೀಮು ಜರಗನಹಳ್ಳೀಲೇ ಆಡ್ಬೇಕು.”

ಕಮಿಟಿಯ ಬೋರಣ್ಣ ತಕ್ಷಣ ಎದ್ದ. “ಇಲ್ಲೆಲ್ಲೈತೆ ಜಾಗ? ತಲಘಟ್ಟಪುರದಲ್ಲಿ ನಮ್ದು ನಾಲ್ಕೆಕರೆ ಸುಮ್ನೆ ಬಿದ್ದೈತೆ. ಅಲ್ಲಿಗೇ ಹೋಗಣ.”

ಆಮೇಲೆ ಎಲ್ಲರೂ ಒಟ್ಟಿಗೆ ಮಾತಾಡಿದರು.

15–3–81, ಭಾನುವಾರ

ಬೋರಣ್ಣನ ಜೊತೆ ತಲಘಟ್ಟಪುರ. ಜಾಗ ನೋಡಿದೆ. ಒಳ್ಳೆ ಸಮತಟ್ಟು. ಕೆಂಪು ಮಣ್ಣು, ಕೆಳಗೆ ಗರಸು. ಹಾರೆ ಹಾಕಿದರೆ ಠಣ್ ಅಂತ ವಾಪಸ್ ಬರುತ್ತದೆ. ಅದಕ್ಕಿಂತ ಒಳ್ಳೆಯ ನೆಲ ಸಿಗುವುದಿಲ್ಲ.

ವಾಪಸ್ ಬರಲು ಬಸ್ಸು ಒಂದೂಕಾಲು ಗಂಟೆ ಇಲ್ಲ. ಬಂದದ್ದರಲ್ಲಿ ಕಾಲಿಡಲು ಜಾಗವಿಲ್ಲ, ಮೆಟ್ಟಿಲ ಮೇಲೇ ನಿಂತು ಬಂದೆ. ಮಂಡಿ ಊದಿ ತೆಂಗಿನಕಾಯಿಯಾಗಿದೆ. ಈಶ್ವರಮ್ಮ ಬಿಸಿನೀರಿನ ಬಟ್ಟೆ ಕಟ್ಟಿದಳು. “ಕ್ಲಬ್ಬು ಅಲ್ಲಿಗೆ ಹೋದ್ರೆ ನೀವು ಹೋಗೋಕಾಗಲ್ಲ ಬಿಡಿ” ಅಂದಳು, ಸುಮ್ಮನೆ, ಅನ್ನಕ್ಕೆ ಎಸರಿಡುತ್ತ.

ರಿಟೈರ್ ಆಗಿ ಎರಡು ವರ್ಷ. ದಿನದಲ್ಲಿ ಸಂಜೆ ಮೈದಾನದ ಎರಡು ಗಂಟೆ ಮಾತ್ರ ನಾನೂ ಒಬ್ಬ ಮನುಷ್ಯ.

22–3–81, ಭಾನುವಾರ

ಮಣ್ಣು ನೋಡಲು ಗುಂಡಿ ತೋಡಿಸಿದೆ. ಗ್ಯಾಲರಿಗೆ ಮೈದಾನದ ಪೂರ್ವದ ಕಡೆ ಬಿಟ್ಟರೆ ಬೇರೆ ಜಾಗವೇ ಇಲ್ಲ. ಹಿಂದೆ ಅಲ್ಲಿ ನೀರಿನ ಕುಂಟೆ ಇತ್ತು, ಊರಿನವರೇ ಮಣ್ಣು ಸುರಿದು ಮುಚ್ಚಿದ್ದು. “ನೀವು ನೋಡಿ ಹೇಳಿ, ಗಂಗಯ್ಯನವರೇ, ನಿಮ್ಮಾತೇ ಕೊನೆ” ಅಂದಿದ್ದರು ಬೈಲಪ್ಪನವರು.

ಮಾರಯ್ಯನೇ ಅಗೆದ. ಮೂರು ಅಡಿ ಒಳ್ಳೆ ಮಣ್ಣು. ನಾಲ್ಕರಲ್ಲಿ ಒಡೆದ ಹೆಂಚು, ಮಡಕೆ ಚೂರು. ಐದರಲ್ಲಿ ಕಪ್ಪು ಗೋಡು, ಬೆರಳಿಟ್ಟರೆ ಇಳಿಯುತ್ತದೆ. ಆರರಲ್ಲಿ ನೀರು ಒಸರಿತು. ಮಾರ್ಚ್ ತಿಂಗಳ ಬಿಸಿಲಿನಲ್ಲಿ.

“ಇದು ಕುಂಟೇನೇ ಸಾರ್. ಮೇಲೆ ಮಣ್ ಹಾಕ್‌ಬಿಟ್ರೆ ಎಲ್ಲಿಗೋಗ್ತದೆ? ಚಿಕ್ಕೋನಿದ್ದಾಗ ಇಲ್ಲೇ ಎಮ್ಮೆ ತೊಳೀತಿದ್ದೆ.”

ಮುಚ್ಚು ಅಂದೆ.

ಸನಿಕೆ ಹಿಡಿದು ನಿಂತ. “ಅಧ್ಯಕ್ಷರಿಗೆ ತೋರ್ಸಲ್ವಾ?”

“ನಾನು ಹೇಳ್ತೀನಿ. ಮುಚ್ಚು.”

29–3–81, ಭಾನುವಾರ

ಶಾಲೆಯಲ್ಲಿ ಜನರಲ್ ಬಾಡಿ. ಮೂವತ್ತೆಂಟು ಜನ. ಎರಡು ಗಂಟೆ ಜಗಳ. ಹುಡುಗರಿಗೆ ತಲಘಟ್ಟಪುರ ದೂರ, ಕೆಲಸದಿಂದ ಬಂದು ಪ್ರಾಕ್ಟೀಸಿಗೆ ಹೋಗುವುದು ಹೇಗೆ ಅಂದರು. ಬೋರಣ್ಣ, ಇನ್ನು ಹತ್ತು ವರ್ಷಕ್ಕೆ ಇಲ್ಲಿ ಸುತ್ತ ಮನೆಯೆದ್ದು ಉಸಿರು ಕಟ್ಟುತ್ತದೆ, ಈಗಲೇ ಹೋಗುವುದು ಮೇಲು ಅಂದ. ಎರಡೂ ನಿಜ. ಕೊನೆಗೆ ಹಿಂದಿನ ಬೆಂಚಿನಿಂದ ಯಾರೋ — “ಓವರ್ಸಿಯರ್ರು ಹೇಳ್ಲಿ. ಆ ಕುಂಟೆ ಜಾಗದಲ್ಲಿ ಕಟ್ಟಡ ನಿಲ್ತದಾ, ಇಲ್ವಾ?”

ಎದ್ದು ನಿಂತೆ. “ನೆಲ ಗಟ್ಟಿ ಇದೆ. ಪಾಯ ಸ್ವಲ್ಪ ಅಗಲ ಹಾಕಿದ್ರೆ ಸಾಕು” ಅಂದೆ.

ಅಷ್ಟೇ. ಕೈ ಎತ್ತಿಸಿದರು. ಇಲ್ಲೇ ಕಟ್ಟುವುದು ಅಂತಾಯಿತು. ಮಾರಯ್ಯ ಬಾಗಿಲಲ್ಲಿ ನಿಂತಿದ್ದ. ನನ್ನನ್ನು ನೋಡಿದ. ಆಮೇಲೆ ನೆಲ ನೋಡಿದ.

ಪಾಯ ಅಗಲ ಹಾಕಿದರೆ ಭಾರ ಹಂಚಿಹೋಗುತ್ತದೆ. ಒಂಬತ್ತೇ ಮೆಟ್ಟಿಲು. ನಿಲ್ಲಬಹುದು. ಇನ್ನೊಬ್ಬ ಓವರ್ಸಿಯರ್ ನನಗೆ ‘ನಿಲ್ಲಬಹುದು’ ಅಂತ ವರದಿ ಬರೆದುಕೊಟ್ಟಿದ್ದರೆ ಮುಖದ ಮೇಲೆ ಎಸೆಯುತ್ತಿದ್ದೆ.

7–6–81, ಭಾನುವಾರ

ಪಾಯದ ಕೆಲಸ. ಏಳು ಅಡ್ಡಗೋಡೆ, ಮೇಲೆ ಕಲ್ಲು ಚಪ್ಪಡಿ ಹಾಸಿ ಮೆಟ್ಟಿಲು. ನಾಲ್ಕು ಅಡಿಗೆ ನಿಲ್ಲಿಸಿದೆ. ಮೇಸ್ತ್ರಿ ಮೂಗಿನ ಮೇಲೆ ಬೆರಳಿಟ್ಟು ನಿಂತ. “ದಕ್ಷಿಣದ ಕಡೆ ಇನ್ನೊಂದೆರಡಡಿ ತೆಗ್ಯಣ ಸಾರ್, ನೆಲ ಯಾಕೋ ಮೆತ್ತಗೈತೆ.” ಬೇಡ ಅಂದೆ. ಇನ್ನೆರಡು ಅಡಿ ತೆಗೆದರೆ ಎಲ್ಲರಿಗೂ ಕಾಣುತ್ತದೆ.

ಹೀಗೆ ಬರೆದ ಮೇಲೆ ಓದಿದೆ. ಹರಿದು ಹಾಕೋಣವೆನ್ನಿಸಿತು. ಹರಿಯಲಿಲ್ಲ.

23–8–81, ಭಾನುವಾರ

ಮುಗಿಯಿತು. ಬೈಲಪ್ಪನವರು ತೆಂಗಿನಕಾಯಿ ಒಡೆದರು. ಊರಿನ ಹೆಂಗಸರೆಲ್ಲ ಮೆಟ್ಟಿಲ ಮೇಲೆ ಕೂತು ನೋಡಿದರು. ಚೆನ್ನಾಗಿ ಕಾಣುತ್ತದೆ, ಸುಳ್ಳೇಕೆ. ಅಡ್ಡಗೋಡೆಗಳ ನಡುವಿನ ಟೊಳ್ಳಿನಲ್ಲಿ ಮಾರಯ್ಯ ಬಲೆ, ಸುಣ್ಣದ ಡ್ರಮ್ಮು, ಬಾವುಟ ಇಟ್ಟುಕೊಂಡಿದ್ದಾನೆ. ಅವನ ಹೆಂಡತಿ ಮುನಿಯಕ್ಕ ಒಳಗೆ ಗುಡಿಸಿ ಸಾರಿಸಿ ಕೊಟ್ಟಳು. “ಇವ್ರಿಗೆ ಮನೆಗಿಂತ ಇದೇ ಚೆಂದ” ಅಂದಳು. ಎಲ್ಲರೂ ನಕ್ಕರು. ಮಾರಯ್ಯನೂ ನಕ್ಕ. ನನ್ನ ಕಡೆ ತಿರುಗಲಿಲ್ಲ.

12–9–81, ಶನಿವಾರ

ನಾಲ್ಕು ದಿನದ ಮಳೆ. ಬೆಳಿಗ್ಗೆ ಹೋಗಿ ನೋಡಿದೆ. ದಕ್ಷಿಣದಿಂದ ಮೂರನೇ ಗೋಡೆಯಲ್ಲಿ ಬಿರುಕು. ಕೂದಲೆಳೆಯಷ್ಟು. ಗಾರೆ ಒಣಗುವಾಗ ಇಂಥವು ಬರುತ್ತವೆ. ಆದರೆ ಇದು ಓರೆಯಾಗಿ ಮೇಲೇರಿದೆ, ಮೆಟ್ಟಿಲು ಮೆಟ್ಟಿಲಾಗಿ, ಇಟ್ಟಿಗೆಯ ಸಂದಿನಲ್ಲಿ.

ಕಿಟಕಿಯ ಗಾಜಿನ ತುಂಡೊಂದನ್ನು ಬಿರುಕಿಗೆ ಅಡ್ಡವಾಗಿಟ್ಟು ಎರಡೂ ತುದಿಗೆ ಸಿಮೆಂಟು ಮೆತ್ತಿದೆ. ಗೋಡೆ ಅಲುಗಿದರೆ ಗಾಜು ಒಡೆಯುತ್ತದೆ. ಡಿಪಾರ್ಟ್‌ಮೆಂಟಿನಲ್ಲಿ ಎಷ್ಟೋ ಸೇತುವೆಗೆ ಹೀಗೆ ಹಚ್ಚಿದ್ದೇನೆ.

15–9–81

ಗಾಜು ಸರಿಯಾಗಿದೆ.

17–9–81

ಸರಿಯಾಗಿದೆ. ಚೆನ್ನಾಗಿ ಊಟ ಮಾಡಿದೆ.

19–9–81, ಶನಿವಾರ

ಒಡೆದಿದೆ. ಸರಿಯಾಗಿ ನಡುವಿಗೆ.

20–9–81, ಭಾನುವಾರ

ಬೈಲಪ್ಪನವರ ಮನೆಗೆ ಹೋದೆ. ಕಾಫಿ ಕೊಟ್ಟರು. ಗೋಡೆ ಕೆಳಕ್ಕೆ ಕೂರ್ತಾ ಇದೆ, ದಕ್ಷಿಣದ ಭಾಗ ಬಿಚ್ಚಬೇಕು ಅಂದೆ.

ಲೋಟ ಕೆಳಗಿಟ್ಟರು. “ಗುಂಡಿ ತೋಡಿಸಿದ್ದು ನೀವು. ಗಟ್ಟಿ ಅಂದೋರು ನೀವು. ಈಗ ಬಿಚ್ಬೇಕು ಅನ್ನೋರೂ ನೀವೇ. ನಾನು ಯಾವ ಮಾತು ನಂಬ್ಲಿ ಗಂಗಯ್ಯನವರೇ?”

ಆಗ ಹೇಳಬಹುದಿತ್ತು. ಮೊದಲನೇ ಮಾತು ಸುಳ್ಳು, ಎರಡನೇದು ನಿಜ. ಎಂಟು ಪದ ಆಗುತ್ತಿರಲಿಲ್ಲ. ಬದಲಿಗೆ, “ಈ ಸಲ ಮಳೆ ಜಾಸ್ತಿ ಆಯ್ತಲ್ಲ” ಅಂದೆ.

ಅವರ ಮುಖ ಹಗುರಾಯಿತು. “ಅದೇ ಮತ್ತೆ. ಮಳೆ ನಿಂತ್ಮೇಲೆ ಒಣಗಿ ಗಟ್ಟಿಯಾಗ್ತದೆ ಬಿಡಿ. ಹದಿನೈದು ದಿನದಲ್ಲಿ ಪಂದ್ಯ, ಈಗ ಬಿಚ್ಚಿದ್ರೆ ಲೀಗಿನವರು ಒಪ್ತಾರಾ?”

ಬಂದು ಇನ್ನೊಂದು ಗಾಜು ಹಚ್ಚಿದೆ.

4–10–81, ಭಾನುವಾರ

ಮೊದಲ ಪಂದ್ಯ. ಬೆಳಿಗ್ಗೆಯೇ ಮಾರಯ್ಯನನ್ನು ಕರೆದು ಹೇಳಿದೆ — ಆಟ ಮುಗಿಯುವ ತನಕ ಕೆಳಗೆ ನಿಂತು ಮೂರನೇ ಗೋಡೆಯ ಗಾಜು ನೋಡುತ್ತಿರು, ಒಡೆದರೆ ಆಚೆ ಬಂದು ಜನರನ್ನು ಇಳಿಸು.

“ನಾನ್ ಆಟ ನೋಡಂಗಿಲ್ವಾ?”

“ಇದೊಂದು ಸಲ.”

“ಆಯ್ತು ಬಿಡಿ ಸಾರ್. ನೀವು ಹೇಳಿದ್ಮೇಲೆ.”

ಏಳುನೂರು ಜನ. ನಾನು ಮೇಲಿನ ಸಾಲಿನಲ್ಲಿ, ಸರಿಯಾಗಿ ಮೂರನೇ ಗೋಡೆಯ ಮೇಲೆ ಕೂತೆ. ಗೋಲು ಹೊಡೆದಾಗ ಎಲ್ಲರೂ ಕಾಲು ಕುಟ್ಟುತ್ತಿದ್ದರು. ನಾನು ಚಪ್ಪಡಿಯ ಮೇಲೆ ಅಂಗೈ ಇಟ್ಟುಕೊಂಡೇ ಇದ್ದೆ. ಎರಡು–ಒಂದರಲ್ಲಿ ಗೆದ್ದೆವು. ಏನೂ ಆಗಲಿಲ್ಲ. ಮಾರಯ್ಯ ಟೊಳ್ಳಿನಿಂದ ಬಗ್ಗಿ ಹೊರಗೆ ಬಂದ, ತಲೆಯ ತುಂಬ ಸುಣ್ಣ. “ಗಾಜು ಹಂಗೇ ಐತೆ ಸಾರ್. ಸ್ಕೋರ್ ಎಷ್ಟಾಯ್ತು?”

ಬೈಲಪ್ಪನವರು ದೂರದಿಂದ ನನ್ನ ಕಡೆ ನೋಡಿ ನಕ್ಕರು. ನಿಂತಿದೆಯಲ್ಲ ಅನ್ನುವಂತೆ.

11–10–81, ಭಾನುವಾರ. ಮಧ್ಯಾಹ್ನ 1.30

ಎರಡು ದಿನದಿಂದ ಮತ್ತೆ ಮಳೆ, ಇವತ್ತು ಬಿಟ್ಟಿದೆ. ಯಡಿಯೂರಿನಿಂದಲೂ ಜನ ಬರುತ್ತಿದ್ದಾರಂತೆ. ಬಿರುಕಿಗೆ ಈಗ ಬೆರಳಿನ ಉಗುರು ಹೋಗುತ್ತದೆ. ಗಾಜು ಮಾತ್ರ ಸರಿಯಾಗಿದೆ. ಸಿಮೆಂಟು ಬಿಟ್ಟುಕೊಂಡಿದೆಯೋ ಏನೋ, ತೆಗೆದು ನೋಡಲು ಧೈರ್ಯವಾಗಲಿಲ್ಲ. ಮಾರಯ್ಯ ಕರೆಯಲು ಬಂದಿದ್ದಾನೆ. ಹೊರಟೆ.

29–10–81, ಗುರುವಾರ

ಹದಿನೆಂಟು ದಿನ ಬರೆಯಲಿಲ್ಲ. ಇವತ್ತು ಬರೆಯಬೇಕು. ನಡೆದದ್ದು ನಡೆದ ಹಾಗೆ.

ಹಾಫ್ ಟೈಮ್ ಆಗಿ ಹತ್ತು ನಿಮಿಷ. ಗಾಜು ನೋಡಲು ಅವತ್ತೂ ಕೆಳಗೇ ನಿಲ್ಲಿಸಿದ್ದ ಮಾರಯ್ಯ ಹೊರಗೆ ಬಂದ. ಎರಡೂ ಕೈ ಅಗಲಿಸಿ, “ಇಳೀರಿ, ಎಲ್ಲಾ ಇಳೀರಿ” ಅಂತ ಕೂಗಿದ. ಜನ ನಕ್ಕರು. ಕುಡಿದಿದ್ದಾನೆ ಅಂದರು. ಅವನು ಮೆಟ್ಟಿಲೇರಿ ಒಬ್ಬೊಬ್ಬರದೇ ರಟ್ಟೆ ಹಿಡಿದು ಎಳೆದ. ಆಗ ಭಯ ಹತ್ತಿತು. ದಕ್ಷಿಣದ ಭಾಗದವರು ಧಡಧಡ ಇಳಿಯತೊಡಗಿದರು. ನಾನೂ ಇಳಿಯುತ್ತಿದ್ದೆ, ಮಂಡಿ ಹಿಡಿದುಕೊಂಡು, ಎಲ್ಲರಿಗಿಂತ ನಿಧಾನವಾಗಿ. ಮಾರಯ್ಯ ಕೆಳಗೆ ಹುಲ್ಲಿನ ಮೇಲೆ ನಿಂತಿದ್ದ. ಹೊರಗೆ. ಹತ್ತು ಅಡಿ ದೂರದಲ್ಲಿ.

ನಾನು ಮೇಲಿನಿಂದ ಕೂಗಿ ಕೇಳಿದೆ. “ಮೂರನೇದಾ, ನಾಲ್ಕನೇದಾ?”

ಓವರ್ಸಿಯರ್‌ನ ಚಾಳಿ. ಯಾವ ಗೋಡೆ ಹೋದರೆ ಏನಾಗಬೇಕಿತ್ತು?

“ನೋಡ್ತೀನಿ ಸಾರ್” ಅಂದ. ಬಗ್ಗಿ ಒಳಗೆ ಹೋದ.

ಚಪ್ಪಡಿಗಳು ಒಂದರ ಮೇಲೊಂದು ಜಾರಿದವು. ದೊಡ್ಡ ಸದ್ದೇನೂ ಬರಲಿಲ್ಲ. ಸುಣ್ಣದ ಡ್ರಮ್ಮು ಒಡೆದು ಬಿಳಿ ಧೂಳು ಎದ್ದಿತು. ಐದು ಜನರಿಗೆ ಕೈಕಾಲು ಮುರಿಯಿತು. ನಾನು ಎರಡನೇ ಗೋಡೆಯ ಮೇಲಿದ್ದೆ, ಅದು ನಿಂತಿತು. ಚಪ್ಪಡಿ ಎತ್ತಲು ಹನ್ನೆರಡು ಜನ ಬೇಕಾಯಿತು. ಎತ್ತುವಾಗ ಮಾರಯ್ಯನಿಗೆ ಉಸಿರಿತ್ತು ಅಂದರು. ಆಸ್ಪತ್ರೆ ಮುಟ್ಟಲಿಲ್ಲ.

ಸೋಮವಾರ ವಿಚಾರಣೆಗೆ ಅಧಿಕಾರಿಯೊಬ್ಬರು ಬಂದಿದ್ದರು. ಬೈಲಪ್ಪನವರು, “ಮಳೆ ಸಾರ್, ಈ ವರ್ಷದಂಥ ಮಳೆ ನೋಡೇ ಇಲ್ಲ” ಅಂದರು. ಅಧಿಕಾರಿ ನನ್ನ ಕಡೆ ತಿರುಗಿದರು. “ನೀವು ಓವರ್ಸಿಯರ್ ಆಗಿದ್ದೋರಲ್ವಾ? ಪಾಯ ತೆಗೆಯೋ ಮುಂಚೆ ಮಣ್ಣು ಹೇಗಿತ್ತು?”

“ಗಟ್ಟಿ ಇತ್ತು ಸಾರ್.”

ಬರೆದುಕೊಂಡರು. ಮಾರಯ್ಯನಿಗೆ ಬಿಟ್ಟರೆ ಇನ್ನಾರಿಗೂ ಗೊತ್ತಿರಲಿಲ್ಲ.

8–11–81, ಭಾನುವಾರ

ಶಾಲೆಯಲ್ಲಿ ಮೀಟಿಂಗು. ಕ್ಲಬ್ಬು ತಲಘಟ್ಟಪುರಕ್ಕೆ ಹೋಗುತ್ತದೆ. ಯಾರೂ ವಾದ ಮಾಡಲಿಲ್ಲ, ಹತ್ತೇ ನಿಮಿಷ. ‘ನಾನು ಆಗಲೇ ಹೇಳಿದ್ದೆ’ ಅಂತ ಬೋರಣ್ಣ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು. ನನ್ನ ಪಕ್ಕ ಕೂತು, “ನೀವು ಬರೋಕೆ ಏನಾದ್ರೂ ಗಾಡಿ ಏರ್ಪಾಟು ಮಾಡಣ” ಅಂದ. ಎದ್ದು ಹೊರಗೆ ಬಂದುಬಿಟ್ಟೆ.

ಗೇಟಿನಲ್ಲಿ ಮುನಿಯಕ್ಕ ನಿಂತಿದ್ದಳು. ಹೊರಗೆ ಬಂದವರನ್ನೆಲ್ಲ ಒಂದೇ ಮಾತು ಕೇಳುತ್ತಿದ್ದಳು.

“ಆಚೆ ಬಂದಿದ್ರಂತೆ. ಜನಾನೆಲ್ಲ ಇಳ್ಸಿದ್ರಂತೆ. ಮತ್ತೆ ಒಳಗ್ಯಾಕೆ ಹೋದ್ರು?”

ಬಲೆ ತರಲು ಅಂದರು ಒಬ್ಬರು. ಒಳಗೆ ಯಾರಾದರೂ ಇದ್ದಾರೇನೋ ನೋಡಲು ಅಂದರು ಇನ್ನೊಬ್ಬರು. ಅವಳು ತಲೆ ಆಡಿಸಿದಳು. “ಬಲೆಗೋಸ್ಕರ ಹೋಗೋರಲ್ಲ ಅವ್ರು. ಕಲ್ಲು ಬೀಳ್ತದೆ ಅಂತ ಅವ್ರಿಗೇ ಗೊತ್ತಿತ್ತಲ್ಲ.”

ನನ್ನ ಸರದಿ ಬಂತು. “ಸಾರ್, ನೀವು ಅಲ್ಲೇ ಇದ್ರಂತೆ.”

“ಗೊತ್ತಿಲ್ಲಮ್ಮ” ಅಂದೆ. ದಾರಿಯಲ್ಲಿ ಎರಡು ಸಲ ನಿಂತೆ. ಮಂಡಿ ಕಾರಣವಲ್ಲ.

15–11–81, ಭಾನುವಾರ. ಬೆಳಿಗ್ಗೆ 10.40

ಗೋಲ್‌ಪೋಸ್ಟ್ ಕಿತ್ತು ಲಾರಿಗೆ ಹಾಕುತ್ತಿದ್ದಾರೆ. ನಾನು ಹೋಗಲಿಲ್ಲ. ಈಶ್ವರಮ್ಮ ಒಳಗೆ ಬಂದಳು. “ಮುನಿಯಕ್ಕ ಬಂದಿದಾಳೆ. ಕಟ್ಟೆ ಮೇಲೆ ಕೂತಿದಾಳೆ. ಒಳಗೆ ಬಾ ಅಂದ್ರೆ ಬರಲ್ಲ. ನಿಮ್ಮನ್ನೇ ಏನೋ ಕೇಳ್ಬೇಕಂತೆ.”

ಈಶ್ವರಮ್ಮನಿಗೆ ಎಲ್ಲ ಹೇಳಿದೆ. ಗುಂಡಿಯ ವಿಷಯ, ಜನರಲ್ ಬಾಡಿಯ ವಿಷಯ, ಮೇಲಿನಿಂದ ಕೂಗಿ ಕೇಳಿದ ವಿಷಯ. ಮೂವತ್ತಾರು ವರ್ಷದ ಸಂಸಾರದಲ್ಲಿ ಇಷ್ಟು ಹೊತ್ತು ಒಂದೇ ಸಮನೆ ನಾನು ಮಾತಾಡಿದ್ದಿಲ್ಲ. ಮೊರ ಕೈಯಲ್ಲಿ ಹಿಡಿದೇ ಕೇಳಿದಳು. ಮುಗಿದ ಮೇಲೆ ಅಕ್ಕಿಯಲ್ಲಿ ಒಂದು ಕಲ್ಲು ಆರಿಸಿ ತೆಗೆದಳು.

“ಬಸ್ಸು ಸಿಗಲ್ಲ ಅಂತಾನಾ?” ಅಂದಳು.

ಹೌದು ಅಂದೆ.

ಮೊರ ಕೆಳಗಿಟ್ಟು, “ನನಗೆ ಹೇಳಿ ಏನಾಗ್ಬೇಕು? ಕೇಳ್ತಿರೋಳು ಅವಳು” ಅಂದು ಒಳಗೆ ಹೋದಳು.

ಕಿಟಕಿಯಿಂದ ಮುನಿಯಕ್ಕನ ಬೆನ್ನು ಕಾಣುತ್ತದೆ. ಸೆರಗು ಬಿಗಿಯಾಗಿ ಹೊದ್ದು ಕೂತಿದ್ದಾಳೆ. ಯಾವುದನ್ನು ಮೊದಲು ಹೇಳಲಿ? ಮಣ್ಣಿನ ಮಾತೋ, ಆ ಕೊನೆಯ ಮಾತೋ. ಬರೆದುಕೊಂಡು ಹೋದರೆ ತಪ್ಪುವುದಿಲ್ಲ ಅಂತ ಕೂತೆ. ಹೀಗೆ: ಮುನಿಯಕ್ಕ, ಅವನು ಒಳಗೆ ಹೋದದ್ದು ನಾನು —

ಎದ್ದು ನಿಂತಳು. ಸೆರಗು ಕೊಡವಿಕೊಳ್ಳುತ್ತಿದ್ದಾಳೆ. ಹೊರಟಳೋ ಏನೋ. ಕರೆಯಬೇಕು, ಈಗಲೇ, ಗೇಟು ದಾಟುವ ಮೊದಲು