ಬಿಪಿ ನೋಡಿ ಹೇಳಿದ ಸುದ್ದಿ

ದೊಡೊಮಾ
ಜೂನ್ ೧೪

ಅಂಬಾಕಿಸ್ಯೆ ಅಣ್ಣನಿಗೆ,

‘ಪ್ರೀತಿಯ’ ಎಂದು ಬರೆಯಲು ಕೈ ಬರಲಿಲ್ಲ. ನಾನು ಫೋನು ಎತ್ತುತ್ತಿಲ್ಲವೆಂದು ನೀನು ಊರಿನಿಂದ ತುಕುಯು ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸಿದ ಕಾಗದ ತಲುಪಿತು. ಜೊತೆಗಿದ್ದ ಬಾಳೆಗೊನೆಯನ್ನು ಕೇರಿಗೆ ಹಂಚಿಬಿಟ್ಟೆ. ಅಮ್ಮನನ್ನು ಮಣ್ಣು ಮಾಡಿದ ತೋಟದ ಕಾಯಿ ನನ್ನ ಗಂಟಲಲ್ಲಿ ಇಳಿಯುವುದಿಲ್ಲ.

‘ನಿನಗೆ ಬಿಪಿ ಇದೆ, ಅದಕ್ಕೇ ಅಮ್ಮ ಸತ್ತದ್ದನ್ನು ತಿಳಿಸಲಿಲ್ಲ’ ಎಂದು ಬರೆದಿದ್ದೀಯ. ಈ ತಾಂಜಾನಿಯಾದಲ್ಲಿ ಬಿಪಿ ಯಾರಿಗಿಲ್ಲ ಹೇಳು? ಸಂತೆಯಲ್ಲಿ ನನ್ನ ಜೊತೆ ಒಣಮೀನು ಮಾರುವವರು ಬೆಳಗಾದರೆ ಮಾತಾಡುವುದೇ ಅದನ್ನು. ಗುಳಿಗೆ ನುಂಗಿದೆಯಾ ಎಂದು ಕೇಳುವವರಿಲ್ಲ, ಸುದ್ದಿ ಮುಚ್ಚಿಡುವುದಕ್ಕೆ ಮಾತ್ರ ಊರಿಗೆ ಊರೇ ಸಿದ್ಧ. ನೀನಾದರೂ ಒಂದು ದಿನ ಕೇಳಿದ್ದೀಯಾ?

ಅಮ್ಮ ಸತ್ತ ಮೇಲಿನ ಆ ಭಾನುವಾರ, ಇಲ್ಲಿನ ಚರ್ಚಿನಲ್ಲಿ ನನ್ನೊಬ್ಬಳನ್ನು ಬಿಟ್ಟು ಎಲ್ಲರಿಗೂ ಗೊತ್ತಿತ್ತು; ನೀನು ಪಾದ್ರಿಗಳಿಗೆ ಫೋನು ಮಾಡಿದ್ದೆಯಂತೆ. ನಮ್ಮಲ್ಲೊಬ್ಬರು ದುಃಖದಲ್ಲಿದ್ದಾರೆ, ಅವರಿಗಾಗಿ ಪ್ರಾರ್ಥಿಸೋಣ ಎಂದರು ಪಾದ್ರಿಗಳು. ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಎಂದವಳು ನಾನು! ಪಾಪ, ಯಾರ ಮನೆಯಲ್ಲಿ ಏನಾಯಿತೋ ಎಂದು ಪಕ್ಕದ ಮನೆಯ ಬೂಪೆ ಅಕ್ಕನನ್ನು ಕೇಳಿದೆ. ಆಕೆ ಕಣ್ಣೊರೆಸಿಕೊಂಡು, “ಯಾರೋ ಬಿಡೇ, ನಿಂಗ್ಯಾಕೆ ಆ ತಲೆಬಿಸಿ. ಉಗಾಲಿ ಮುದ್ದೆಗೆ ಎಸರಿಡೋಣ ಬಾ” ಎಂದಳು.

ಅಲ್ಲಿ ನೀವು ಮಣ್ಣು ಮುಚ್ಚಿ ಕೈ ತೊಳೆದುಕೊಂಡ ಮೇಲೆ, ಇಲ್ಲಿ ಪಾದ್ರಿಗಳು, ಚರ್ಚಿನ ಹಿರಿಯರು, ಒಬ್ಬ ನರ್ಸು ಮನೆಗೆ ಬಂದರು. “ಮೊದ್ಲು ಕೈ ಕೊಡಿ ಅಮ್ಮಾ” ಎಂದು ನರ್ಸು ತೋಳಿಗೆ ಬಿಪಿ ನೋಡುವ ಪಟ್ಟಿ ಸುತ್ತಿದಳು. ನೋಡಿ, “ಪರ್ವಾಗಿಲ್ಲ, ಹೇಳ್ಬಹುದು” ಎಂದಳು. ಆಗ ಹೇಳಿದರು, ನನ್ನ ಅಮ್ಮ ಇಲ್ಲವೆಂದು.

ನನಗೆ ಅಳು ಬರಲಿಲ್ಲ, ಮೈ ಉರಿಯಿತು. ಪಟ್ಟಿ ಕಿತ್ತು ಪಾದ್ರಿಗಳ ಕೈಗೆ ಕೊಟ್ಟು, “ಈಗ ನಿಮ್ದೂ ನೋಡ್ಲಿ” ಎಂದೆ. ಅವರದು ನನ್ನದಕ್ಕಿಂತ ಹೆಚ್ಚು! ನಾನು ಬಿಡಲಿಲ್ಲ, ಎಲ್ಲರ ತೋಳಿಗೂ ಸುತ್ತಿಸಿದೆ. ಅರ್ಧಕ್ಕರ್ಧ ಜನರಿಗೆ ಬಿಪಿ ಇತ್ತು, ಒಬ್ಬರಿಗೂ ಗೊತ್ತಿರಲಿಲ್ಲ. ಪಾದ್ರಿಗಳ ಮುಖ ನೋಡಬೇಕಿತ್ತು ನೀನು.

ಅವರೆಲ್ಲ ಸುದ್ದಿ ಕೇಳಿಯೂ ಬದುಕಿದ್ದರಲ್ಲ ಅಣ್ಣಾ. ನಾನೂ ಬದುಕುತ್ತಿದ್ದೆ. ಸತ್ತರೂ ಅಮ್ಮನ ಮುಖ ನೋಡಿ ಸಾಯುತ್ತಿದ್ದೆ. ಒಂದು ಹಿಡಿ ಮಣ್ಣು ಹಾಕುವ ಹಕ್ಕನ್ನು ಕಿತ್ತುಕೊಂಡು, ಅದಕ್ಕೆ ಕಾಳಜಿ ಎಂದು ಹೆಸರಿಟ್ಟಿದ್ದೀಯ. ಇದನ್ನು ನಾನು ಮರೆಯುವುದಿಲ್ಲ.

ಅತ್ತಿಗೆಗೆ, ಮಕ್ಕಳಿಗೆ ನೆನಪು ಹೇಳು.

ನಿನ್ನ ತಂಗಿ,
ತುಸೆಕಿಲೆ

ಮರೆತ ಮಾತು: ‘ಸಾಯುವ ಮುಂಚೆ ಅಮ್ಮ ಫೋನಿನಲ್ಲಿ ನನ್ನ ಬಗ್ಗೆ ಏನಾದರೂ ಅಂದಳಾ, ನನ್ನನ್ನು ಕ್ಷಮಿಸಿದಳಾ’ ಎಂದು ಕೇಳಿದ್ದೀಯ. ಒಂದೇ ಅಂಗಳದಲ್ಲಿದ್ದು ಅವಳ ಜೊತೆ ಮಾತು ಬಿಟ್ಟವನಿಗೆ ಈಗ ನಿದ್ದೆ ಬರುತ್ತಿಲ್ಲವಂತೆ. ಅಂದಳು ಅಣ್ಣಾ. ನಿನ್ನ ಹೆಸರು ಹಿಡಿದೇ ಅಂದಳು. ಅದನ್ನು ಇಲ್ಲಿ ಬರೆಯಬೇಕೆಂದೇ ಇದ್ದೆ. ಆದರೆ ಹೋದ ವಾರದಿಂದ ನಿನಗೂ ಬಿಪಿ ಎಂದು ಅತ್ತಿಗೆ ಮೆಸೇಜು ಹಾಕಿದ್ದಾಳೆ. ನಾನು ಹೇಗೆ ಹೇಳಲಿ?