ಸವತಿಯ ಸಾಕ್ಷಿ

ಕಲಬುರ್ಗಿ, ಶಹಾಬಜಾರ
ಫಸಲಿ ೧೩೨೨, ಕಾರ್ತಿಕ ಬಹುಳ ಪಂಚಮಿ

ಚಂದಮ್ಮನಿಗೆ ನೀಲಗಂಗಮ್ಮ ಬರೆಯುವುದು.

ಒಂದೇ ವಾಡೆಯಲ್ಲಿ ಆರು ವರ್ಷ ಮಾತು ಬಿಟ್ಟಿದ್ದ ಹಿರಿಯ ಸವತಿ ಕಾಗದ ಬರೆದಳೆಂದು ಗಾಬರಿಯಾಗಬೇಡ. ತವರಿನಲ್ಲಿ ಹೇಗಿದ್ದೀ? ನಿನ್ನ ಮಗ ಸೂಗಪ್ಪನ ಕೆಮ್ಮು ನಿಂತಿತೆ? ಕಮಲಾಪುರದ ಕೆಂಪು ಬಾಳೆಹಣ್ಣು ಸಿಕ್ಕರೆ ಬಿಡುವವನಲ್ಲ, ಈ ಥಂಡಿಯಲ್ಲಿ ಕೊಡಬೇಡ. ನನಗೆ ಮೊಣಕಾಲ ನೋವು, ಉಳಿದಂತೆ ಇದ್ದೇನೆ.

ದೊರೆಗಳು ತೀರಿಕೊಂಡು ಐದು ತಿಂಗಳಾದವು. ಸಂಸ್ಥಾನದ ಗಾದಿ ಯಾರಿಗೆಂದು ನಿಜಾಮ ಸರ್ಕಾರದವರು ನಡೆಸುವ ವಿಚಾರಣೆಗಾಗಿ ಮೂರು ತಿಂಗಳಿಂದ ಈ ಬಾಡಿಗೆ ಮನೆಯಲ್ಲಿ ಕೂತು ಸಾಕಾಗಿದೆ. ಕಚೇರಿಗೆ ಹೋಗುವುದು, ಪರದೆಯ ಹಿಂದೆ ಕೂರುವುದು, ಮುಂದಿನ ತಾರೀಖು ಕೇಳಿಕೊಂಡು ಬರುವುದು. ಮೊನ್ನೆ ಮೈದುನ ಅಣವೀರಪ್ಪ ಬಂದಿದ್ದ. “ವೈನಿ, ಆ ಕೂಸು ಚಂದಮ್ಮ ಹಡದದ್ದಲ್ಲ, ಎಲ್ಲಿಂದೋ ತಂದದ್ದು ಅಂತ ಒಂದ ಮಾತು ಹೇಳ್ರಿ. ಗಾದಿ ನನಗ ಬರ್ತದ, ವಾಡೇದ ಕೀಲಿಕೈ ನಿಮ್ಮ ಕೈಯಾಗ ಇರ್ತದ” ಎಂದ. ಮುಚ್ಚಿಡುವುದೇಕೆ, ಒಂದು ಗಳಿಗೆ ನನ್ನ ಮನಸ್ಸು ಆ ಕಡೆ ಹೋಯಿತು. ನೀನು ಬಂದ ಮೇಲೆ ದೊರೆಗಳು ನನ್ನ ಕೋಣೆಯ ಕಡೆ ಮುಖ ಹಾಕಿದ್ದು ಹಬ್ಬಕ್ಕಷ್ಟೇ.

ನಿನ್ನೆ ಕಚೇರಿಯಲ್ಲಿ ಕೇಳಿದರು. “ಆಕೀನ ಹಡದಾಳ್ರಿ. ಸೂಲಗಿತ್ತಿ ಇಮಾಮಬಿ ಕೂಸನ್ನ ಮೊದಲ ನನ್ನ ಕೈಯಾಗ ಕೊಟ್ಟಾಳ” ಎಂದೆ. ಇದು ನಿನಗೂ ತಿಳಿಯದು, ನಿನಗಾಗ ಎಚ್ಚರವಿರಲಿಲ್ಲ. ಅವನು ನನ್ನ ಸೆರಗನ್ನು ಮುಷ್ಟಿಯಲ್ಲಿ ಹಿಡಿದಿದ್ದ. ಬಿಡಿಸಿಕೊಂಡು ಹೋದವಳು ನಾಲ್ಕು ವರ್ಷ ಅವನನ್ನು ಮುಟ್ಟಲಿಲ್ಲ.

ಅಣವೀರಪ್ಪ ಕಚೇರಿಯಿಂದ ಎದ್ದು ಹೋದ. ಇವತ್ತು ಅಡಿಗೆಯವಳನ್ನೂ ಟಾಂಗಾವನ್ನೂ ವಾಪಸ್ ಕರೆಸಿಕೊಂಡ. ನಾನೇ ಒಲೆ ಹಚ್ಚಿದೆ. ರೊಟ್ಟಿ ಸೀದವು, ತಿಂದೆ. ಇನ್ನು ವಾಡೆಯ ಬಾಗಿಲು ನನಗೆ ತೆರೆಯುವುದೋ ಇಲ್ಲವೋ ಕಾಣೆ.

ಸೂಗಪ್ಪನಿಗೆ ಆಶೀರ್ವಾದ. ನಿನ್ನ ತಂದೆತಾಯಿಗೆ ನನ್ನ ಶರಣು ಹೇಳು.

ನೀಲಗಂಗಮ್ಮ

ತಾ.ಕ.: ಕಾಗದ ಒಯ್ಯುವ ನಬಿಸಾಬ್ ಬಂಡಿ ಹೂಡಿ ನಿಂತಿದ್ದಾನೆ, ನಾನು ಮುಖ್ಯ ಮಾತನ್ನೇ ಬಿಟ್ಟೆ. ಸೋಮವಾರ ಕಚೇರಿಯವರು ನಿನ್ನನ್ನು ಕೇಳಲು ಕಮಲಾಪುರಕ್ಕೆ ಬರುತ್ತಾರೆ. ಹುಡುಗ ದೊಡ್ಡವನಾಗುವವರೆಗೆ ಕಾರಭಾರ ನಮ್ಮಿಬ್ಬರ ಕೈಯಲ್ಲಿರಬೇಕು. ನಮ್ಮೊಳಗೆ ಜಗಳವೆಂದು ಗೊತ್ತಾದರೆ ಅಣವೀರಪ್ಪನನ್ನೇ ಪಾಲಕನನ್ನಾಗಿ ಇಡುತ್ತಾರೆ. ಅದಕ್ಕೆ, ನಾವು ಅಕ್ಕತಂಗಿಯರ ಹಾಗೆ ಇದ್ದೇವೆಂದು ಹೇಳಿಬಿಟ್ಟಿದ್ದೇನೆ. ನಾನಾಡಿದ ಸುಳ್ಳು ಅದೊಂದೇ. ನೀನೂ ಹಾಗೇ ಹೇಳು. ನನ್ನನ್ನು ಅಕ್ಕ ಅನ್ನು. ಅಭ್ಯಾಸವಿಲ್ಲ, ಬಲ್ಲೆ, ಸೋಮವಾರದೊಳಗೆ ನಾಲ್ಕು ಸಲ ಅಂದು ನೋಡು.